ಸುಳ್ಳು ರಿಜಿಸ್ಟರ್‌ಗೆ ಮಾರ್ಕ್ಸ್ ಕೊಡೋದು ಮೊದ್ಲು ನಿಲ್ಸಿ: ಆಹಾರ ಸುರಕ್ಷತೆ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಆಹಾರ ಸುರಕ್ಷತೆ ನೋಡ್ಕೊಳ್ಳೋ ಅಧಿಕಾರಿಗಳಿಗೆ, ಅವ್ರ ಮೇಲೆ ಕೂತಿರೋ ಮಂತ್ರಿಗಳಿಗೆ, ಸರ್ಟಿಫಿಕೇಟ್ ಕೊಡೋ ಆಡಿಟರ್‌ಗಳಿಗೆ, ಎಲ್ರಿಗೂ ನಮಸ್ಕಾರ.

ಯಾವ ದೇಶದ ಅಧಿಕಾರಿಗಳಿಗೆ ಅಂತ ಕೇಳ್ಬೇಡಿ. ಬೆಳೀತಿರೋ ದೇಶ ಅಂತ ಯಾವ್ಯಾವುದನ್ನ ಕರೀತಾರೋ ಅಲ್ಲೆಲ್ಲಾ ಈ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಕಾನೂನು ಇರುತ್ತೆ, ಇಲಾಖೆ ಇರುತ್ತೆ, ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟೂ ಇರುತ್ತೆ, ತಿಂದೋರಿಗೆ ಹೊಟ್ಟೆ ಕೆಡೋದೂ ಇರುತ್ತೆ. ನಾನು ಹನ್ನೊಂದು ವರ್ಷ ಫುಡ್ ಫ್ಯಾಕ್ಟರಿಗಳ ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲಿ ಇದ್ದೋನು. ದೊಡ್ಡ ಹುದ್ದೆ ಏನಲ್ಲ, ಥರ್ಮಾಮೀಟರ್ ನೋಡೋದು, ರಿಜಿಸ್ಟರ್ ಬರೆಯೋದು, ಸ್ಯಾಂಪಲ್ ತೆಗೆಯೋದು, ನೀವು ಬರ್ತೀರಾ ಅಂದ್ರೆ ಫೈಲ್ ಜೋಡ್ಸಿ ಇಡೋದು. ಆ ಫೈಲ್ ಬಗ್ಗೆನೇ ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕು.

ನಾನು ಕೆಲ್ಸಕ್ಕೆ ಸೇರಿ ಮೂರು ತಿಂಗಳೂ ಆಗಿರ್ಲಿಲ್ಲ. ಒಂದಿನ ಮಧ್ಯಾಹ್ನ ಕೋಲ್ಡ್ ರೂಮಿನ ಕಂಪ್ರೆಸರ್ ಕೈ ಕೊಡ್ತು, ಒಳಗೆ ನಾಲ್ಕು ಡಿಗ್ರಿ ಇರಬೇಕಾಗಿದ್ದು ಹನ್ನೊಂದು ತೋರಿಸ್ತಿತ್ತು, ನಾನು ಹೊಸಬ ಅಲ್ವಾ, ಹನ್ನೊಂದು ಅಂತಾನೇ ಬರ್ದೆ, ಟೈಮ್ ಹಾಕ್ದೆ, ಸೈನ್ ಮಾಡ್ದೆ. ಸಾಯಂಕಾಲ ಮೇಲಿನವರು ಬಂದು ನೋಡಿ ತಲೆ ಚಚ್ಕೊಂಡ್ರು. "ಯಾಕಪ್ಪಾ ಇದನ್ನ ಬರ್ದೆ, ಮುಂದಿನ ವಾರ ಆಡಿಟ್ ಇದೆ ಅಂತ ಗೊತ್ತಿಲ್ವಾ ನಿನಗೆ?" ಪೇಜ್ ಹರಿಯೋಣ ಅಂದ್ರೆ ರಿಜಿಸ್ಟರಲ್ಲಿ ಪೇಜ್ ನಂಬರ್ ಪ್ರಿಂಟ್ ಆಗಿದೆ. ಹಂಗಾಗಿ ಹೊಸಾ ರಿಜಿಸ್ಟರ್ ತಂದು ಇಡೀ ತಿಂಗಳನ್ನೇ ವಾಪಸ್ ಬರೆಯೋಕೆ ಮೂರು ಜನ ಕೂತ್ವಿ, ಮೂರು ಥರದ ಪೆನ್ನು, ಒಬ್ಬ ಎಡಗೈಲಿ ಬರೀತಿದ್ದ ಯಾಕಂದ್ರೆ ನೈಟ್ ಶಿಫ್ಟ್ ಹುಡುಗನ ಅಕ್ಷರ ಕೆಟ್ಟದಾಗಿತ್ತು. ಕೊನೆಗೆ ತೀರಾ ಹೊಸದಾಗಿ ಕಾಣುತ್ತೆ ಅಂತ ಮೂಲೆಗೆ ಸ್ವಲ್ಪ ಎಣ್ಣೆ ಕೈ ಒರೆಸಿದ್ವಿ. ಮೂವತ್ತು ದಿನ, ದಿನಕ್ಕೆ ಆರು ಸಲ, ನಾಲ್ಕು, ನಾಲ್ಕು, ಮೂರು ಮುಕ್ಕಾಲು, ನಾಲ್ಕು. ಆಡಿಟರ್ ಬಂದ್ರು, ಪೇಜ್ ತಿರುವಿದ್ರು, ದಾಖಲೆ ನಿರ್ವಹಣೆ ಉತ್ತಮವಾಗಿದೆ ಅಂತ ರಿಪೋರ್ಟಲ್ಲಿ ಬರ್ದು ಹೋದ್ರು.

ಹನ್ನೊಂದು ಡಿಗ್ರಿಲಿ ಕೂತಿದ್ದ ಆ ಮಾಲು ಏನಾಯ್ತು ಅಂತೀರಾ, ಮಾರನೇ ದಿನ ಲಾರಿ ಹತ್ತಿ ಹೋಯ್ತು. ತಿಂದೋರು ಯಾರು, ಅವ್ರಿಗೆ ಏನಾಯ್ತು, ನನಗೆ ಇವತ್ತಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಇದನ್ನ ಹೇಳಿದ್ರೆ ನೀವು ಆ ಫ್ಯಾಕ್ಟರಿಯೋರು ಕಳ್ಳರು ಅಂತೀರ. ಕಳ್ಳರೇ, ನಾನೂ ಅದರಲ್ಲಿ ಒಬ್ಬ. ಆದ್ರೆ ಇನ್ನೊಂದು ಕಡೆದೂ ಕೇಳಿ. ಎರಡನೇ ಕೆಲ್ಸ ಒಂದು ಸಣ್ಣ ಯೂನಿಟಲ್ಲಿ, ಅಲ್ಲಿ ಓನರ್ ಸ್ವಲ್ಪ ಹಳೇ ಕಾಲದ ಮನುಷ್ಯ, ಇದ್ದಿದ್ದನ್ನ ಇದ್ದಂಗೆ ಬರೀರಿ ಅನ್ನೋರು. ಒಂದ್ಸಲ ಒಂಬತ್ತು ಡಿಗ್ರಿಗೆ ಏರಿತ್ತು, ಬರೆದ್ವಿ, ಎಷ್ಟು ಹೊತ್ತು ಇತ್ತು ಅಂತ ಬರೆದ್ವಿ, ಆ ಮಾಲನ್ನ ಬೇರೆ ಇಟ್ಟು ಎಸೆದಿದ್ದನ್ನೂ ತೂಕ ಸಮೇತ ಬರೆದ್ವಿ. ಪಾಠದ ಪ್ರಕಾರ ಅದು ನೂರಕ್ಕೆ ನೂರು ಸರಿಯಾದ ಕೆಲ್ಸ. ಇನ್‌ಸ್ಪೆಕ್ಟರ್ ಬಂದು ಅದೇ ಪೇಜ್‌ನ ಫೋಟೋ ತೆಗೆದು, ಅದೇ ಪೇಜ್‌ನ ಸಾಕ್ಷಿ ಮಾಡ್ಕೊಂಡು ನೋಟಿಸ್ ಕೊಟ್ರು. ಓನರ್ ಏನೂ ಮಾತಾಡ್ಲಿಲ್ಲ. ಮುಂದಿನ ತಿಂಗಳಿಂದ ಅಲ್ಲೂ ನಾಲ್ಕು, ನಾಲ್ಕು, ಮೂರು ಮುಕ್ಕಾಲು, ನಾಲ್ಕು.

ನನ್ನ ತಕರಾರು ಇಷ್ಟೇ ಸ್ವಾಮಿ. ನಿಜ ಬರೆದೋನಿಗೆ ದಂಡ, ಸುಳ್ಳು ಬರೆದೋನಿಗೆ ಶಭಾಷ್. ಇದು ಹಿಂಗೇ ಇರೋವರೆಗೂ ನೀವು ಎಷ್ಟೇ ಹೊಸ ಕಾಯ್ದೆ ತಂದ್ರೂ, ದಂಡ ಹತ್ತು ಪಟ್ಟು ಮಾಡಿದ್ರೂ, ಆಗೋದು ಒಂದೇ, ಸುಳ್ಳು ಬರೆಯೋರ ಅಕ್ಷರ ಇನ್ನೂ ಚೆನ್ನಾಗಾಗುತ್ತೆ.

ರಿಜಿಸ್ಟರ್ ಬಿಡಿ, ನಾವು ಸ್ಯಾಂಪಲ್ ತೆಗೆದು ಲ್ಯಾಬಲ್ಲಿ ಟೆಸ್ಟ್ ಮಾಡಿಸ್ತೀವಲ್ಲ ಅಂತ ನೀವು ಹೇಳ್ತೀರ. ಮಾಡಿಸ್ತೀರ ನಿಜ, ಒಂದು ಸಣ್ಣ ಲೆಕ್ಕ ಹಾಕೋಣ ಬನ್ನಿ. ಒಂದು ಬ್ಯಾಚಲ್ಲಿ ನೂರಕ್ಕೆ ಒಂದು ಪ್ಯಾಕೆಟ್ ಕೆಟ್ಟಿದೆ ಅಂತ ಇಟ್ಕೊಳ್ಳಿ. ನೀವು ಐದು ಪ್ಯಾಕೆಟ್ ತಗೊಂಡು ಟೆಸ್ಟ್ ಮಾಡಿದ್ರೆ ಐದೂ ಚೆನ್ನಾಗಿದೆ ಅಂತ ಬರೋ ಸಾಧ್ಯತೆ ನೂರಕ್ಕೆ 95. ಐದು ಸಾಲದು ಅಂತ ಅರವತ್ತು ತಗೊಂಡ್ರೂ ಕೆಟ್ಟಿದ್ದು ಕಣ್ ತಪ್ಪಿಸ್ಕೊಳ್ಳೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿನೇ, ಸುಮಾರು 55. ಅಂದ್ರೆ ಪಾಸ್ ಅಂತ ಸೀಲ್ ಬಿದ್ದ ಲ್ಯಾಬ್ ರಿಪೋರ್ಟ್ ಹೇಳೋದು ಟೆಸ್ಟ್ ಮಾಡಿದ ಪ್ಯಾಕೆಟ್ ಕಥೆನ, ತಿನ್ನೋ ಪ್ಯಾಕೆಟ್‌ದಲ್ಲ.

ಇದು ನಾನು ಕಂಡುಹಿಡಿದಿದ್ದೇನಲ್ಲ. 1960ರ ದಶಕದಲ್ಲಿ ನಾಸಾದೋರು ಗಗನಯಾತ್ರಿಗಳಿಗೆ ಊಟ ಮಾಡಿಸೋವಾಗ ಇದೇ ಗೋಡೆಗೆ ತಲೆ ಹೊಡ್ಕೊಂಡ್ರು. ಅಲ್ಲಿ ಮೇಲೆ ಹೋದ್ಮೇಲೆ ಭೇದಿ ಹತ್ಕೊಂಡ್ರೆ ಏನ್ ಗತಿ ಹೇಳಿ. ಪೂರ್ತಿ ಗ್ಯಾರಂಟಿ ಬೇಕು ಅಂತ ಟೆಸ್ಟ್ ಮಾಡ್ತಾ ಹೋದ್ರೆ ಬ್ಯಾಚಿನ ದೊಡ್ಡ ಪಾಲು ಟೆಸ್ಟಿಗೇ ಖರ್ಚಾಗಿ ತಿನ್ನೋಕೆ ಉಳೀತಿದ್ದಿದ್ದು ಸ್ವಲ್ಪ. ಆಗ ಪಿಲ್ಸ್‌ಬರಿ ಕಂಪನಿ, ನಾಸಾ, ಅಮೆರಿಕದ ಸೇನೆಯ ಲ್ಯಾಬ್ ಸೇರಿ ಯೋಚನೆನೇ ತಿರುಗಿಸಿದ್ರು, ಕೊನೆಲಿ ಹುಡುಕೋದು ಬಿಟ್ಟು ಎಲ್ಲೆಲ್ಲಿ ಕೆಡಬಹುದೋ ಆ ಜಾಗನ ಮೊದ್ಲೇ ಗುರುತು ಮಾಡಿ ಅಲ್ಲೇ ಕಾವಲು ಹಾಕೋಣ ಅಂತ. ಅದೇ ಇವತ್ತಿನ ಹ್ಯಾಸಪ್. 1993ರಲ್ಲಿ ಕೋಡೆಕ್ಸ್, ಅಂದ್ರೆ ಆಹಾರದ ಗುಣಮಟ್ಟ ನಿಗದಿ ಮಾಡೋ ಅಂತಾರಾಷ್ಟ್ರೀಯ ಆಯೋಗ, ಅದನ್ನ ಇಡೀ ಜಗತ್ತಿಗೆ ಮಾರ್ಗಸೂಚಿ ಮಾಡ್ತು, 2005ರಲ್ಲಿ ಐಎಸ್‌ಓ 22000 ಅನ್ನೋ ಆಹಾರ ಸುರಕ್ಷತೆಯ ಅಂತಾರಾಷ್ಟ್ರೀಯ ಮಾನದಂಡ ಬಂತು, ಅದರೊಳಗೂ ಇದೇ ಇದೆ. ಹ್ಯಾಸಪ್‌ಗೆ ಏಳು ತತ್ವ, ಏಳೂ ಚೆನ್ನಾಗೇ ಇವೆ. ಆದ್ರೆ ಅದು ನಿಂತಿರೋದೇ ಆ ಕಾವಲಿನ ಜಾಗದಲ್ಲಿ ನಿಂತೋನು ಕಂಡಿದ್ದನ್ನ ಕಂಡಂಗೆ ಬರೀತಾನೆ ಅನ್ನೋ ನಂಬಿಕೆ ಮೇಲೆ. ಆ ಒಂದು ಕೀಲು ಕಳಚಿದ್ರೆ ಉಳಿಯೋದು ಬರೀ ಫೈಲು, ಅದೂ ತುಂಬಾ ದಪ್ಪ ಫೈಲು. ನಮ್ಮಲ್ಲಿ ಹ್ಯಾಸಪ್ ಪ್ಲಾನ್ ಅಂತ ಇದ್ದಿದ್ದನ್ನ ಯಾರೋ ಕನ್ಸಲ್ಟೆಂಟ್ ಬೇರೆ ಫ್ಯಾಕ್ಟರಿದನ್ನ ಕಾಪಿ ಹೊಡೆದು ಕೊಟ್ಟಿದ್ರು, ನಮ್ಮ ಹತ್ರ ಇಲ್ಲದೇ ಇರೋ ಮಷೀನ್ ಒಂದು ಅದರಲ್ಲಿತ್ತು. ನಾಲ್ಕು ವರ್ಷ ಅದನ್ನ ಯಾರೂ ಗಮನಿಸ್ಲಿಲ್ಲ, ಅಂದ್ರೆ ಯಾರೂ ಓದ್ಲಿಲ್ಲ.

ಟೆಸ್ಟಿಗೆ ತಕ್ಕಂಗೆ ಮೋಸ ಕಲಿಯೋದು ಎಲ್ಲಿವರೆಗೂ ಹೋಗುತ್ತೆ ಅನ್ನೋದಕ್ಕೆ 2008ರ ಚೀನಾ ನೋಡಿ. ಹಾಲಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯೋ ಮಾಮೂಲಿ ಟೆಸ್ಟು ನಿಜಕ್ಕೂ ಅಳೆಯೋದು ಪ್ರೋಟೀನನ್ನಲ್ಲ, ನೈಟ್ರೋಜನ್ನ. ಹಾಲಿಗೆ ನೀರು ಹಾಕ್ದೋರು ಅದನ್ನ ಸರಿಯಾಗಿ ಅರ್ಥ ಮಾಡ್ಕೊಂಡು ಮೆಲಮೈನ್ ಬೆರೆಸಿದ್ರು, ಪ್ಲಾಸ್ಟಿಕ್ ಮಾಡೋಕೆ ಬಳಸೋ ಪುಡಿ ಅದು, ನೈಟ್ರೋಜನ್ ಭರ್ತಿ ಇರುತ್ತೆ. ಹಾಲು ಟೆಸ್ಟಲ್ಲಿ ಪಾಸ್. ಸುಮಾರು 3 ಲಕ್ಷ ಕಂದಮ್ಮಗಳು ಕಾಯಿಲೆ ಬಿದ್ದವು, ಕಿಡ್ನಿಲಿ ಕಲ್ಲು, ಸರ್ಕಾರಿ ಲೆಕ್ಕದಲ್ಲೇ 6 ಮಕ್ಕಳು ಸತ್ತವು. ಆಮೇಲೆ 2009ರಲ್ಲಿ ಹೊಸ ಕಾನೂನು ಬಂತು. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದಂಗೆ.

ಈಗ ಒಳ್ಳೇದೂ ಒಂದು ಹೇಳ್ಬೇಕು, ಬರೀ ಬೈಯೋಕೆ ಬರೆದಿರೋ ಪತ್ರ ಅಲ್ಲ ಇದು. ಬಾಂಗ್ಲಾದೇಶದಲ್ಲಿ ಅರಿಶಿನದ ಕೊಂಬಿಗೆ ಹೊಳಪು ಬರ್ಲಿ ಅಂತ ಲೆಡ್ ಕ್ರೋಮೇಟ್ ಅನ್ನೋ ಹಳದಿ ಬಣ್ಣ ತಿಕ್ಕೋರು, ಸೀಸ ಇರೋ ಬಣ್ಣ, ಪೇಂಟಿಗೆ ಹಾಕೋದು. 1980ರ ದಶಕದಲ್ಲಿ ಪ್ರವಾಹಕ್ಕೆ ನೆನೆದ ಅರಿಶಿನ ಮಂಕಾಯ್ತು ಅಂತ ಶುರುವಾಗಿದ್ದು ಆಮೇಲೆ ರೂಢಿನೇ ಆಗೋಯ್ತು. ಗರ್ಭಿಣಿಯರ ರಕ್ತದಲ್ಲಿ ಸೀಸ ಯಾಕೆ ಇಷ್ಟಿದೆ ಅಂತ ಹುಡುಕ್ತಾ ಹೋದ ಸಂಶೋಧಕರು ಕೊನೆಗೆ ಅರಿಶಿನದ ಹತ್ರ ಬಂದು ನಿಂತ್ರು. 2019ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿದ್ದು ನೋಡಿ, ನನಗೆ ಅದು ತುಂಬಾ ಇಷ್ಟ. ಮೊದ್ಲು ಮಾರ್ಕೆಟ್‌ಗಳಲ್ಲೆಲ್ಲಾ ನೋಟಿಸ್ ಹಂಚಿದ್ರು, ಇದು ವಿಷ, ಇದನ್ನ ಹಾಕಿದ್ರೆ ಅಪರಾಧ ಅಂತ. ಆ ಬಣ್ಣ ತಿಕ್ಕೋ ಕೂಲಿಯೋರಿಗೂ ಅದು ವಿಷನೇ, ಅವ್ರ ಮೈಲೂ ಸೀಸ ಸೇರ್ತಿತ್ತು. ಆಮೇಲೆ ಸೀಸ ಇದೆಯಾ ಅಂತ ತೋರಿಸೋ, ಕೈಲಿ ಹಿಡ್ಕೊಳ್ಳೋ ಎಕ್ಸ್‌ರೇ ಮಷೀನ್ ತಗೊಂಡು ಸಗಟು ಮಾರ್ಕೆಟಿಗೆ ಹೋಗಿ ಸ್ಥಳದಲ್ಲೇ ಟೆಸ್ಟ್ ಮಾಡಿ, ಸಿಕ್ಕಿದ ವ್ಯಾಪಾರಿಗಳಿಗೆ ದಂಡ ಹಾಕಿ, ಅದು ಟಿವಿಲೂ ಬಂತು. 2019ರಲ್ಲಿ ಮಾರ್ಕೆಟಿನ ಅರಿಶಿನದ ಸ್ಯಾಂಪಲ್‌ಗಳಲ್ಲಿ 47 ಪರ್ಸೆಂಟಲ್ಲಿ ಸೀಸ ಇತ್ತು, 2021ಕ್ಕೆ ಸೊನ್ನೆ. ಎರಡೇ ವರ್ಷ! ದೊಡ್ಡ ಲ್ಯಾಬ್ ಕಟ್ಲಿಲ್ಲ, ಹೊಸ ಪ್ರಾಧಿಕಾರ ಮಾಡ್ಲಿಲ್ಲ. ಎಲ್ಲಿ ಬೆರೆಸ್ತಾರೆ, ಯಾಕೆ ಬೆರೆಸ್ತಾರೆ ಅಂತ ಹೋಗಿ ಕೇಳ್ಕೊಂಡು ಬಂದು ಆಮೇಲೆ ಕೋಲು ಹಿಡಿದ್ರು. ಕೇಳೋದು ಮೊದ್ಲು, ಕೋಲು ಆಮೇಲೆ. ನೀವು ಮಾಡೋದು ಉಲ್ಟಾ.

ಕೀನ್ಯಾದಲ್ಲೂ ಸಣ್ಣ ಹಾಲು ವ್ಯಾಪಾರಿಗಳನ್ನ ಹಿಡಿದು ಹಾಲು ಚೆಲ್ಲಿಸಿ ಓಡಿಸ್ತಿದ್ರು, ವ್ಯಾಪಾರ ಏನು ನಿಲ್ಲಲಿಲ್ಲ, ಕದ್ದುಮುಚ್ಚಿ ನಡೀತು. 2004ರ ಆಸುಪಾಸಲ್ಲಿ ನಿಲುವು ಬದಲಾಯ್ತು, ಅದೇ ಜನಕ್ಕೆ ತರಬೇತಿ ಕೊಟ್ಟು, ಪಾತ್ರೆ ತೊಳೆಯೋದು ಹೆಂಗೆ, ಹಾಲು ಕೆಟ್ಟಿದೆಯಾ ಅಂತ ನೋಡೋದು ಹೆಂಗೆ ಅಂತ ಕಲಿಸಿ ಲೈಸೆನ್ಸ್ ಕೊಡೋಕೆ ಶುರು ಮಾಡಿದ್ರು. ಬಡ ದೇಶಗಳಲ್ಲಿ ಜನ ತಿನ್ನೋದ್ರಲ್ಲಿ ದೊಡ್ಡ ಪಾಲು ಬರೋದೇ ಇಂಥ ಸಣ್ಣೋರ ಕೈಯಿಂದ, ಗಾಡಿಯೋರು, ಸಂತೆಯೋರು, ಮನೆ ಮುಂದೆ ಮಾರೋರು. ಅವ್ರಿಗೆ ನಲ್ಲಿ ನೀರು ಕೊಡದೆ ಕೈ ತೊಳೆದಿಲ್ಲ ಅಂತ ದಂಡ ಹಾಕ್ತೀರಲ್ಲ, ಅದನ್ನ ಏನಂತ ಕರೆಯೋದು ನನಗಂತೂ ಗೊತ್ತಾಗ್ತಿಲ್ಲ.

ಅದೇ ಕೀನ್ಯಾದಲ್ಲಿ ಅದೇ 2004ರಲ್ಲಿ ಮುಸುಕಿನ ಜೋಳದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಸೇರಿ 317 ಜನಕ್ಕೆ ವಿಷ ಏರಿತ್ತು, 125 ಜನ ಹೋದ್ರು. ಅಲ್ಲಿ ಕಲಬೆರಕೆ ಮಾಡಿದೋರು ಯಾರೂ ಇಲ್ಲ, ಕಳ್ಳ ಇಲ್ಲ. ಸರಿಯಾಗಿ ಒಣಗದ ಕಾಳನ್ನ ಮನೇಲಿ ಕೂಡಿಟ್ಟಿದ್ರು, ಬೂಷ್ಟು ಬಂತು, ಆ ಬೂಷ್ಟಿನ ವಿಷ ಬೇಯಿಸಿದ್ರೂ ಹೋಗಲ್ಲ. ಇಲ್ಲಿ ದಂಡ ಯಾರಿಗೆ ಹಾಕ್ತೀರ? ಟಾರ್ಪಾಲು, ತೇವ ಅಳೆಯೋ ಮೀಟರು, ನೆಲದಿಂದ ಎತ್ತರಕ್ಕಿಟ್ಟ ಕಣಜ, ಇದೇ ಅಲ್ಲಿನ ಆಹಾರ ಸುರಕ್ಷತೆ. ನಿಮ್ಮ ಬಜೆಟಲ್ಲಿ ಇವಕ್ಕೆ ಒಂದು ಸಾಲಾದ್ರೂ ಇದೆಯಾ ಅಂತ ಹುಡುಕಿ ನೋಡಿ.

ಮೇಲೆ ಒಂದು ಮಾತು ಹೇಳಿದ್ನಲ್ಲ, ತಿಂದೋರಿಗೆ ಏನಾಯ್ತೋ ಯಾರಿಗೂ ಗೊತ್ತಿಲ್ಲ ಅಂತ, ಅದು ಸಣ್ಣ ವಿಷಯ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾದ ಕಾಯಿಲೆ ಬಂತಲ್ಲ, ಸಾವಿರಕ್ಕೂ ಹೆಚ್ಚು ಜನಕ್ಕೆ, 200ಕ್ಕೂ ಹೆಚ್ಚು ಸಾವು, ಅದರಲ್ಲಿ ಹಸುಗೂಸುಗಳೇ ಎಷ್ಟೋ. ಈ ಬ್ಯಾಕ್ಟೀರಿಯಾ ಎಂಥದ್ದು ಅಂದ್ರೆ ಫ್ರಿಡ್ಜಲ್ಲೂ ಬೆಳೆಯುತ್ತೆ, ತಿಂದು ಎರಡು ತಿಂಗಳು ಕಳೆದ್ಮೇಲೂ ಕಾಯಿಲೆ ಬರಬಹುದು, ಎರಡು ತಿಂಗಳ ಹಿಂದೆ ಏನು ತಿಂದ್ರಿ ಅಂದ್ರೆ ಯಾರಿಗೆ ನೆನಪಿರುತ್ತೆ. ಅಲ್ಲಿ ಈ ಕಾಯಿಲೆ ಕಂಡ್ರೆ ಸರ್ಕಾರಕ್ಕೆ ತಿಳಿಸಲೇಬೇಕು ಅನ್ನೋ ನಿಯಮ ಬಂದಿದ್ದೇ 2017ರ ಡಿಸೆಂಬರಲ್ಲಿ, ಅಷ್ಟೊತ್ತಿಗೆ ನೂರಾರು ಜನಕ್ಕೆ ಬಂದು ಆಗಿತ್ತು. ಸುಳಿವು ಸಿಕ್ಕಿದ್ದು ಸೊವೆಟೊದ ಒಂದು ಶಿಶುವಿಹಾರದ ಮಕ್ಕಳಿಂದ, ವಾಂತಿಭೇದಿ ಅಂತ ಆಸ್ಪತ್ರೆಗೆ ಬಂದಾಗ ಡಾಕ್ಟರಿಗೆ ಅನುಮಾನ ಬಂದು ತಿಳಿಸಿದ್ರು, ಶಿಶುವಿಹಾರದ ಫ್ರಿಡ್ಜಲ್ಲಿದ್ದ ಪೊಲೋನಿ ಅನ್ನೋ ಮಾಂಸದ ತಿನಿಸನ್ನ ಟೆಸ್ಟ್ ಮಾಡಿದ್ರು, ಅಲ್ಲಿಂದ ಫ್ಯಾಕ್ಟರಿಗೆ ಹೋದ್ರು, ಬ್ಯಾಕ್ಟೀರಿಯಾದ ಜೀನ್ ಓದಿ ರೋಗಿಗಳ ಮೈಲಿದ್ದಿದ್ದಕ್ಕೆ ತಾಳೆ ಹಾಕಿದ್ರು, 2018ರ ಮಾರ್ಚ್ 4ಕ್ಕೆ ಮಂತ್ರಿ ಬಂದು ಹೇಳಿದ್ರು. ಒಬ್ಬ ಡಾಕ್ಟರ್ ಅನುಮಾನ ಪಟ್ಟು ಬಾಯಿ ಬಿಟ್ಟಿದ್ದಕ್ಕೆ ಸಿಕ್ತು. ಹಂಗಾದ್ರೆ ಅನುಮಾನ ಬರದೇ ಇದ್ದ ಕಡೆ? ಒಂದು ಓಆರ್‌ಎಸ್ ಪ್ಯಾಕೆಟ್ ಕೊಟ್ಟು ಮನೆಗೆ ಕಳಿಸಿರ್ತಾರೆ, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಅಂದಾಜು ಕೊಟ್ಟಿತ್ತು, ವರ್ಷಕ್ಕೆ 60 ಕೋಟಿ ಜನಕ್ಕೆ ಕೆಟ್ಟ ಆಹಾರದಿಂದ ಕಾಯಿಲೆ, 4 ಲಕ್ಷ 20 ಸಾವಿರ ಸಾವು, ಅದರಲ್ಲಿ 1 ಲಕ್ಷ 25 ಸಾವಿರ ಐದು ವರ್ಷದೊಳಗಿನ ಮಕ್ಕಳು. ವಿಶ್ವ ಬ್ಯಾಂಕು 2018ರಲ್ಲಿ ದುಡ್ಡಿನ ಲೆಕ್ಕ ಹಾಕಿ, ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ 110 ಬಿಲಿಯನ್ ಡಾಲರ್ ನಷ್ಟ ಅಂತು, ಆಸ್ಪತ್ರೆ ಖರ್ಚು, ಕೆಲ್ಸಕ್ಕೆ ಹೋಗದೆ ಕಳ್ಕೊಂಡ ದಿನ ಎಲ್ಲಾ ಸೇರಿ. ಇಷ್ಟು ದೊಡ್ಡ ನಂಬರ್ ತಲೆಗೆ ಹೋಗಲ್ಲ, ನನಗೂ ಹೋಗಲ್ಲ. ನನ್ನ ತಲೇಲಿ ಇರೋದು ಆ ಹನ್ನೊಂದು ಡಿಗ್ರಿ ಮಾತ್ರ. ಐದರಿಂದ ಅರವತ್ತು ಡಿಗ್ರಿ ಮಧ್ಯದ ಜಾಗನ ಅಪಾಯದ ವಲಯ ಅಂತಾರೆ, ಅನುಕೂಲದ ಬಿಸಿ ಸಿಕ್ಕಿದ್ರೆ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡು ಪಟ್ಟಾಗುತ್ತೆ, ಒಂದು ಇದ್ದಿದ್ದು ಏಳು ಗಂಟೆಗೆ ಇಪ್ಪತ್ತು ಲಕ್ಷ ದಾಟುತ್ತೆ. ಕೆಲವು ಬ್ಯಾಕ್ಟೀರಿಯಾ ಬಿಟ್ಟಿರೋ ವಿಷ ಆಮೇಲೆ ಎಷ್ಟು ಕುದಿಸಿದ್ರೂ ಹೋಗಲ್ಲ. ಇದು ಗೊತ್ತಿದ್ರೆ ಆ ರಿಜಿಸ್ಟರಿನ ಒಂದೊಂದು ಖಾನೆ ಯಾಕೆ ಮುಖ್ಯ ಅಂತ ಅರ್ಥ ಆಗುತ್ತೆ. ನಮಗೆ ಯಾರೂ ಹೇಳೇ ಇರ್ಲಿಲ್ಲ, ನಾಲ್ಕಿರಬೇಕು ಅಂತ ಹೇಳಿದ್ರು, ಯಾಕೆ ಅಂತ ಹೇಳ್ಲಿಲ್ಲ.

ಇನ್ನೊಂದು ವಿಷಯ ಎತ್ತಿದ್ರೆ ನಿಮಗೆ ಕೋಪ ಬರಬಹುದು. ನಮ್ಮದೇ ಒಂದು ಫ್ಯಾಕ್ಟರಿಲಿ ಎರಡು ಲೈನ್ ಇತ್ತು, ಒಂದು ಹೊರದೇಶಕ್ಕೆ, ಒಂದು ಒಳಗಿನೋರಿಗೆ. ಹೊರದೇಶದ ಲೈನಲ್ಲಿ ಯಾರೂ ಸುಳ್ಳು ಬರೀತಿರ್ಲಿಲ್ಲ, ಒಬ್ರೂ! ಅದೇ ಜನ, ಅದೇ ಪೆನ್ನು. ಯಾಕಂದ್ರೆ ಆ ಕಡೆ ಬಂದರಲ್ಲಿ ಕಂಟೇನರ್ ತೆಗೆದು ನೋಡ್ತಾರೆ, ಸರಿ ಇಲ್ಲ ಅಂದ್ರೆ ವಾಪಸ್. ಅಲ್ಲಿ ಸುಳ್ಳು ದುಬಾರಿ, ನಿಜ ಅಗ್ಗ. ಯೂರೋಪಿನೋರು 1979ರಿಂದಾನೇ ಒಬ್ರಿಗೆ ಕೆಟ್ಟ ಮಾಲು ಕಂಡ್ರೆ ಉಳಿದ ದೇಶಗಳಿಗೆಲ್ಲಾ ತಕ್ಷಣ ಸುದ್ದಿ ಮುಟ್ಟಿಸೋ ವ್ಯವಸ್ಥೆ ಇಟ್ಕೊಂಡಿದ್ದಾರೆ. ಅಂದ್ರೆ ನಮಗೆ ಬುದ್ಧಿ ಇಲ್ಲ, ಟೆಕ್ನಾಲಜಿ ಇಲ್ಲ, ದುಡ್ಡಿಲ್ಲ ಅನ್ನೋದೆಲ್ಲಾ ನೆಪ. ಪಕ್ಕದ ಲೈನಲ್ಲೇ ಎಲ್ಲಾ ಇತ್ತು, ಮಧ್ಯೆ ಇದ್ದಿದ್ದು ಒಂದು ಪ್ಲಾಸ್ಟಿಕ್ ಪರದೆ.

ಏನು ಮಾಡ್ಬೇಕು ಅಂತ ಕೇಳಿದ್ರೆ ನಾನು ತಜ್ಞ ಅಲ್ಲ, ಆದ್ರೂ ಹೇಳ್ತೀನಿ. ತಪ್ಪಾಯ್ತು ಅಂತ ತಾನೇ ಬರೆದು, ಮಾಲು ತಡೆದು, ಸರಿ ಮಾಡ್ಕೊಂಡೋನಿಗೆ ಆ ಬರವಣಿಗೆ ಮೇಲೆ ದಂಡ ಹಾಕೋ ಹಾಗಿಲ್ಲ ಅಂತ ಒಂದು ಸಾಲು ನಿಯಮದಲ್ಲಿ ಸೇರಿಸಿ. ಕೆಟ್ಟ ಮಾಲನ್ನ ಮಾರೋಕೆ ಹೊರಗೆ ಬಿಟ್ಟು ಬರೀ ಬರೆದಿಟ್ರೆ ಬೇರೆ ವಿಷಯ, ಆಗ ಹಾಕಿ. ಮೂವತ್ತು ದಿನ ಒಂದೇ ನಂಬರ್ ಇರೋ ರಿಜಿಸ್ಟರ್ ಕಂಡ್ರೆ ಭೇಷ್ ಅನ್ನೋ ಬದ್ಲು ಅನುಮಾನ ಪಡೋಕೆ ನಿಮ್ಮ ಹುಡುಗರಿಗೆ ಕಲಿಸಿ, ಯಾವ ಕೋಲ್ಡ್ ರೂಮೂ ಅಷ್ಟು ಶಿಸ್ತಾಗಿ ಇರಲ್ಲ, ಬಾಗಿಲು ತೆಗೀತಾರೆ, ಮಾಲು ತುಂಬ್ತಾರೆ, ಕರೆಂಟ್ ಹೋಗುತ್ತೆ. ತಾನೇ ರೆಕಾರ್ಡ್ ಮಾಡ್ಕೊಳ್ಳೋ ಸಣ್ಣ ಡೇಟಾ ಲಾಗರ್ ಈಗ ಅಂಥಾ ದುಬಾರಿ ಏನಲ್ಲ, ಸಣ್ಣ ಯೂನಿಟ್‌ಗಳಿಗೆ ಸಬ್ಸಿಡಿಲಿ ಕೊಡಿ. ಆಡಿಟರಿಗೆ ಫೀಸು ಆಡಿಟ್ ಆಗೋ ಕಂಪನಿನೇ ಕೊಡೋ ಪದ್ಧತಿ ಇದೆಯಲ್ಲ, ಅದರ ಬಗ್ಗೆ ಯಾರಾದ್ರೂ ಕೂತು ಯೋಚನೆ ಮಾಡಿ, ಪರೀಕ್ಷೆ ಬರೆಯೋ ಹುಡುಗನೇ ಮೇಷ್ಟ್ರಿಗೆ ಸಂಬಳ ಕೊಟ್ಟಂಗಾಗಿದೆ ಅದು. ಮತ್ತೆ ನಮ್ಮಂಥ ಕೆಳಗಿನೋರು ಹೆಸರು ಹೇಳದೆ ಫೋನ್ ಮಾಡೋಕೆ ಒಂದು ನಂಬರ್. ಇರೋ ನಂಬರಿಗೆ ನಾನೂ ಒಂದ್ಸಲ ಮಾಡಿದ್ದೆ, ಆ ಕಡೆಯೋರು ಮೊದ್ಲು ಕೇಳಿದ್ದು ನನ್ನ ಹೆಸರು, ಎರಡನೇದು ನಮ್ಮ ಓನರ್ ಹೆಸರು. ಫೋನ್ ಇಟ್ಟೆ.

ಪ್ರತಿ ವರ್ಷ ಜೂನ್ 7ಕ್ಕೆ ವಿಶ್ವ ಆಹಾರ ಸುರಕ್ಷತಾ ದಿನ ಅಂತ ಮಾಡ್ತೀರ, 2019ರಿಂದ ನಡೀತಿದೆ, ಬ್ಯಾನರ್ ಕಟ್ತೀರ, ಪ್ರತಿಜ್ಞೆ ಓದಿಸ್ತೀರ, ಮಾಡಿ, ಬೇಡ ಅನ್ನಲ್ಲ. ಈ ಸಲ ಅದರ ಬದ್ಲು ಒಂದು ಥರ್ಮಾಮೀಟರ್ ಜೇಬಲ್ಲಿ ಇಟ್ಕೊಂಡು ರಾತ್ರಿ ಎರಡು ಗಂಟೆಗೆ ಯಾವುದಾದ್ರೂ ಫ್ಯಾಕ್ಟರಿಯ ಲೋಡಿಂಗ್ ಬಾಗಿಲಿಗೆ ಬನ್ನಿ, ಹೇಳದೆ ಕೇಳದೆ. ರಿಜಿಸ್ಟರ್ ಆಮೇಲೆ ನೋಡಿ. ಮೊದ್ಲು ಒಂದು ಲೋಟದಲ್ಲಿ ಪುಡಿ ಮಾಡಿದ ಐಸು, ಸ್ವಲ್ಪ ನೀರು ಹಾಕಿಸ್ಕೊಂಡು ಅಲ್ಲಿನೋರ ಥರ್ಮಾಮೀಟರನ್ನ ಅದರಲ್ಲಿ ಅದ್ದಿ, ಸೊನ್ನೆ ತೋರಿಸ್ಬೇಕು. ನಾನು ಕೆಲ್ಸ ಬಿಡೋ ಹಿಂದಿನ ದಿನ ಸುಮ್ನೆ ಅದ್ದಿ ನೋಡಿದ್ದೆ, ನಮ್ಮದು ಮೈನಸ್ ಮೂರು ತೋರಿಸ್ತಿತ್ತು. ಅಂದ್ರೆ ನಾವು ನಿಜವಾಗ್ಲೂ ನೋಡಿ ಬರೆದ ನಾಲ್ಕೂ ಏಳೇ ಆಗಿತ್ತು.

ಇಂತಿ,
ಹನ್ನೊಂದು ವರ್ಷ ರಿಜಿಸ್ಟರ್ ಬರೆದವನು